ಎದ್ದು ಹೋದ ಹುಡುಗ ಯಾರ ಮನೆಯವನು?

(ಧಾರವಾಡ ಕಡೆಯ ಕ್ರೈಸ್ತ ಸಭೆಯೊಂದರ ಹಿರಿಯರು, 22 ವರ್ಷದಿಂದ ಸಂಡೇ ಸ್ಕೂಲ್ ನಡೆಸಿಕೊಂಡು ಬಂದವರು, ನಮ್ಮ ಪತ್ರಿಕೆಗೆ ಬರೆದ ಪತ್ರದ ಸಾರ: "ಈ ವರ್ಷ ದೃಢೀಕರಣದ (ಮಕ್ಕಳು ಸಭೆಯ ಪೂರ್ಣ ಸದಸ್ಯರಾಗುವ ವಿಧಿಯ) ತರಗತಿಗೆ 14 ಮಕ್ಕಳು. ಬೆಂಚಿನ ಕೆಳಗೆ ಮೊಬೈಲ್ ಹಿಡಿದೇ ಕೂರುತ್ತಾರೆ. ಒಬ್ಬನಿಂದ ಕಸಿದುಕೊಳ್ಳಲು ಹೋದೆ, ಎದ್ದು ಹೊರಟೇ ಹೋದ. ಇನ್ನು ಕೆಲವರು ಡ್ರಮ್ಸ್ ಬಾರಿಸುವ ಬೇರೆ ಪ್ರಾರ್ಥನಾ ಹಾಲ್‌ಗೆ ಹೋಗುತ್ತಿದ್ದಾರೆ. ಸಂಸ್ಕೃತಿಯೇ ಕೆಟ್ಟಿರುವಾಗ ಬಾಗಿಲು ಭದ್ರ ಮಾಡಿಕೊಂಡು ಉಳಿದವರನ್ನಾದರೂ ಕಾಪಾಡಬಾರದೇ? ಇಂಥ ಕಾಲದಲ್ಲಿ ಸೇವೆ ಎಂದರೇನು?")

ಕರ್ತನಲ್ಲಿ ಪ್ರಿಯರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. 'ಸಂಸ್ಕೃತಿ' ಎಂಬ ಮಾತು 11 ಕಡೆ ಬಂದಿದೆ. 14 ಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. ಅಚ್ಚಾಗುವ ಪತ್ರವೆಂದು ಬೇಕೆಂದೇ ಬಿಟ್ಟಿರಬಹುದು, ಒಪ್ಪುತ್ತೇನೆ. ಆದರೆ ಎದ್ದು ಹೋದವನು ಯಾರ ಮನೆಯವನು, ಅವನ ಅಪ್ಪನಿಗೆ ಕೆಲಸ ಇದೆಯೇ, ಆವತ್ತು ಅವನು ತಿಂಡಿ ತಿಂದು ಬಂದಿದ್ದನೇ, ಇದೊಂದೂ ಪತ್ರದಲ್ಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನಿಮ್ಮದಕ್ಕಿಂತ ಪುಂಡರಿದ್ದ ಒಂದು ತರಗತಿಯ ಕಥೆ ಹೇಳುತ್ತೇನೆ. 1931ರ ಕೊನೆಯ ಬರ್ಲಿನ್. ಜರ್ಮನಿಯಲ್ಲಿ ಕೆಲಸವಿಲ್ಲದವರ ಲೆಕ್ಕ 60 ಲಕ್ಷದ ಹತ್ತಿರ ಬರುತ್ತಿದ್ದ ಕಾಲ. ಬೀದಿಬೀದಿಯಲ್ಲಿ ನಾಜಿಗಳಿಗೂ ಕಮ್ಯುನಿಸ್ಟರಿಗೂ ಹೊಡೆದಾಟ. ಆ ನಗರದ ಕೂಲಿಕಾರರ ಕೇರಿಯಲ್ಲಿ ಚೀಯೋನಿನ ಹೆಸರಿಟ್ಟುಕೊಂಡ ಒಂದು ಚರ್ಚು. ಅಲ್ಲಿ ದೃಢೀಕರಣಕ್ಕೆ ಬರುತ್ತಿದ್ದ ಐವತ್ತು ಹುಡುಗರನ್ನು ಹಿಡಿತಕ್ಕೆ ತರಲಾಗದೆ ವಯಸ್ಸಾದ ಪಾದ್ರಿ ಸೋತುಹೋಗಿದ್ದರು. ಹೊಸದಾಗಿ ಪಾದ್ರಿಯಾಗಿ ಅಭಿಷೇಕವಾಗಿದ್ದ 25 ವರ್ಷದ ಡೀಟ್ರಿಚ್ ಬೋನ್‌ಹೋಫರ್‌ಗೆ ಆ ತರಗತಿ ಬಂತು. ಶ್ರೀಮಂತ ವೈದ್ಯರ ಮಗ, 21ಕ್ಕೇ ಡಾಕ್ಟರೇಟ್ ಮುಗಿಸಿದವರು.

ಮೊದಲ ದಿನ ಹಿರಿಯ ಪಾದ್ರಿಯೂ ಅವರೂ ಮೆಟ್ಟಿಲು ಹತ್ತುವಾಗ ಹುಡುಗರು ಮೇಲಿನ ಕಟಕಟೆಯಿಂದ ಬಗ್ಗಿ ಇಬ್ಬರ ತಲೆ ಮೇಲೂ ಕಸ ಸುರಿದರು. ಪಾದ್ರಿ ಹೇಗೋ ಎಲ್ಲರನ್ನೂ ಕೋಣೆಯೊಳಗೆ ತಳ್ಳಿ, ಹೊಸಬರ ಹೆಸರು ಹೇಳಿ ಹೊರಟುಹೋದರು. ಹೆಸರು ಸಿಕ್ಕಿದ್ದೇ ತಡ, ಹುಡುಗರು "ಬೋನ್! ಬೋನ್!" ಎಂದು ಕೂಗಾಟಕ್ಕೆ ಶುರುವಿಟ್ಟರು. ಅವರು ಗೋಡೆಗೆ ಒರಗಿ, ಕೈ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತರು. ಕೂಗಿ ಕೂಗಿ ಹುಡುಗರಿಗೇ ಬೇಜಾರಾಯಿತು. ಆಗ ಮುಂದಿನ ಸಾಲಿನವರಿಗೆ ಮಾತ್ರ ಕೇಳುವಷ್ಟು ಮೆಲುದನಿಯಲ್ಲಿ ಮಾತು ತೆಗೆದರು. ಏನು ಹೇಳುತ್ತಿದ್ದಾರೆ ಎಂದು ಹಿಂದಿನವರು ಕಿವಿಗೊಟ್ಟರು. ಅವರು ಹೇಳುತ್ತಿದ್ದದ್ದು ನ್ಯೂಯಾರ್ಕಿನ ಹಾರ್ಲೆಮ್ ವಿಷಯ. ಅದಕ್ಕೆ ಹಿಂದಿನ ವರ್ಷ ಅಲ್ಲಿಯ ಕರಿಯರ ಚರ್ಚೊಂದರಲ್ಲಿ ಅವರು ಸಂಡೇ ಸ್ಕೂಲ್ ಕಲಿಸಿದ್ದರು. ಕೇಳಿದರೆ ಮುಂದಿನ ಸಲ ಇನ್ನಷ್ಟು ಹೇಳುತ್ತೇನೆ ಎಂದು ಆವತ್ತಿಗೆ ಮುಗಿಸಿದರು.

ಈ ಕಥೆಯನ್ನು ನಮ್ಮ ಪ್ರಸಂಗಪೀಠಗಳಲ್ಲಿ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ, ಜಾಣ ಉಪಾಯ ಎಂದು. ನನಗೆ ಮುಖ್ಯವಾದದ್ದು ಆಮೇಲಿನದು. 1932ರ ಆರಂಭದಲ್ಲಿ ಅಪ್ಪನ ದೊಡ್ಡ ಮನೆ ಬಿಟ್ಟು ಅದೇ ಕೇರಿಯಲ್ಲಿ ಬೇಕರಿಯವರೊಬ್ಬರ ಮನೆಯ ಕೋಣೆ ಬಾಡಿಗೆಗೆ ಹಿಡಿದರು. ತಾವಿಲ್ಲದಾಗಲೂ ಹುಡುಗರು ಬಂದರೆ ಒಳಗೆ ಬಿಡಬೇಕೆಂದು ಮನೆಯಾಕೆಗೆ ಹೇಳಿಟ್ಟರು. ಚೆಸ್ ಕಲಿಸಿದರು. ದೃಢೀಕರಣಕ್ಕೆ ಸೂಟಿಲ್ಲದ ಹುಡುಗರಿಗೆಂದು ಬಟ್ಟೆಯ ಒಂದು ದೊಡ್ಡ ಥಾನನ್ನೇ ಕೊಂಡು ತಂದರು. ಮತ್ತೆ, ಪ್ರತಿ ಹುಡುಗನ ಮನೆಗೆ ಹೋದರು. ಅದೇನೂ ಅವರಿಗೆ ಸಲೀಸಾಗಿರಲಿಲ್ಲ. ಈ ಮನೆಭೇಟಿಗಳ ಮಟ್ಟಿಗೆ ದೇವಶಾಸ್ತ್ರದ ಬದಲು ರಸಾಯನಶಾಸ್ತ್ರ ಓದಿದ್ದರೂ ಇಷ್ಟೇ ತಯಾರಿ ಇರುತ್ತಿತ್ತು ಎಂಬರ್ಥದಲ್ಲಿ ಗೆಳೆಯನಿಗೆ ಬರೆದರು. ಡಾಕ್ಟರೇಟ್ ಇದ್ದವರಿಗೇ ಹೊಸ್ತಿಲಲ್ಲಿ ನಾಲಿಗೆ ಒಣಗಿತೆಂದರೆ ನೀವೂ ನಾನೂ ತಡವರಿಸುವುದರಲ್ಲಿ ನಾಚಿಕೆಯೇನಿಲ್ಲ.

ಆ ತರಗತಿಯಿಂದ ಬರ್ಲಿನ್ ಉದ್ಧಾರವಾಗಲಿಲ್ಲ. 1932ರ ಮಾರ್ಚಿನಲ್ಲಿ ಹುಡುಗರ ದೃಢೀಕರಣ ಆಯಿತು. 1933ರ ಜನವರಿ 30ಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದ. ಎರಡೇ ದಿನ ಕಳೆದು, ಫೆಬ್ರವರಿ 1ರಂದು, ಬೋನ್‌ಹೋಫರ್ ರೇಡಿಯೋದಲ್ಲಿ ಮಾತಾಡಿದರು. ಯುವಕರು ಒಬ್ಬ 'ನಾಯಕ'ನಿಗಾಗಿ ಯಾಕೆ ಹಂಬಲಿಸುತ್ತಾರೆ, ಆ ನಾಯಕ ತನ್ನನ್ನೇ ಪೂಜಿಸಿಕೊಂಡರೆ ಏನಾಗುತ್ತದೆ ಎಂಬುದೇ ವಿಷಯ. ಮಾತು ಮುಗಿಯುವ ಮುನ್ನ ಪ್ರಸಾರ ನಿಂತುಹೋಯಿತು. ಕೇರಿಯ ಹುಡುಗರ ಅಡುಗೆಮನೆಗಳಲ್ಲಿ ಕೂತು ಬಂದಿರದಿದ್ದರೆ ಆ ಹಂಬಲದ ಬೇರು ಅವರಿಗೆ ಅಷ್ಟು ಬೇಗ ಕಾಣುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಹಿಟ್ಲರನನ್ನು ಎದುರಿಸಿದ್ದಕ್ಕೆ 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದ್ದು ನಿಮಗೆ ಗೊತ್ತೇ ಇದೆ. ನಾವು ಆ ಗಲ್ಲನ್ನು ನೆನೆಯುತ್ತೇವೆ, ಬಟ್ಟೆಯ ಥಾನನ್ನು ಮರೆಯುತ್ತೇವೆ.

ಬಾಗಿಲು ಭದ್ರ ಮಾಡುವ ವಿಷಯ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಕಾಗದ ಬೈಬಲಿನಲ್ಲಿ ಅವನ ಪುಸ್ತಕದ 29ನೆಯ ಅಧ್ಯಾಯದಲ್ಲಿದೆ. ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ. ಅದು ಅವರನ್ನು ಸೆರೆಯೊಯ್ದವರ ಪಟ್ಟಣ! ನಮ್ಮ ಮಕ್ಕಳ ಕೈಯ ಮೊಬೈಲ್ ಅದಕ್ಕಿಂತ ದೊಡ್ಡ ಶತ್ರುವಲ್ಲ. ಡ್ರಮ್ಸ್ ಬಗ್ಗೆ ಒಂದೇ ಮಾತು: ನಾವು ಹಾಡುವ ಎಷ್ಟೋ ಕೀರ್ತನೆಗಳದು ಸ್ವಿಟ್ಜರ್‌ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನವರು ತಂದ ಜರ್ಮನ್ ರಾಗ. ನಮ್ಮ ಮುತ್ತಜ್ಜಿಯರ ಕಿವಿಗೆ ಅದೂ ಮೊದಮೊದಲು ವಿಚಿತ್ರವಾಗಿಯೇ ಕೇಳಿಸಿರಬೇಕು.

ನನ್ನ ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ವಾರ ನಮ್ಮ ಸಭಾಪಾಲಕರು ಸೈಕಲ್ ತುಳಿದುಕೊಂಡು ಮನೆಗೆ ಬಂದಿದ್ದರು. ಅಮ್ಮ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಅಯ್ಯನವರು ಚಾಪೆಯ ಮೇಲೆ ಕೂತು ತಾವೂ ಒಂದು ಹಿಡಿ ಎತ್ತಿಕೊಂಡರು. ಒಳಗೆ ಬಾಗಿಲು ಹಾಕಿಕೊಂಡಿದ್ದ ಅಣ್ಣ ಅರ್ಧ ಗಂಟೆಯ ಮೇಲೆ ಹೊರಗೆ ಬಂದ. ಅವನ ಕೈಗೂ ನಾಲ್ಕು ಬೀಜ ಹಾಕಿದರು. ಪರೀಕ್ಷೆಯ ಅಂಕಗಳ ಮಾತೇ ಎತ್ತಲಿಲ್ಲ. ಹೊರಡುವಾಗ ಎರಡೇ ವಾಕ್ಯದ ಪ್ರಾರ್ಥನೆ, ಅದರಲ್ಲಿ ಅಣ್ಣನ ಹೆಸರಿತ್ತು. ಆ ವರ್ಷ ಅವರು ಚರ್ಚಿನಲ್ಲಿ ಮಾಡಿದ ಪ್ರಸಂಗ ಒಂದೂ ನನಗೆ ನೆನಪಿಲ್ಲ, ಅಣ್ಣನಿಗಂತೂ ಇಲ್ಲ.

ಹಾಗಾಗಿ ಮುಂದಿನ ಭಾನುವಾರ ಮೊಬೈಲ್ ಕಸಿಯಬೇಡಿ. ಈ ವಾರ ಸಂಜೆ ಹೊತ್ತು ಆ ಹುಡುಗನ ಮನೆಗೆ ಹೋಗಿ. ಅವನು ಮಾತಾಡದಿದ್ದರೆ ಅವನ ಅಜ್ಜಿಯ ಹತ್ತಿರ ಮಾತಾಡಿ. ಕ್ಷಮೆ ಕೇಳಬೇಕಾದ್ದು ನೀವೇ ಎಂದು ಅಲ್ಲಿ ಅನಿಸಿದರೆ ಕೇಳಿಬಿಡಿ, ಹಿರಿತನಕ್ಕೇನೂ ಕುಂದಾಗದು. ಉಳಿದ 13 ಮನೆಗಳಿಗೆ ಮಳೆಗಾಲ ಮುಗಿಯುವ ತನಕ ಸಮಯವಿದೆ.

ನೀವು ಕೇಳಿದ್ದ ಈಸ್ಟರ್ ಸಂಚಿಕೆಯ ಎರಡು ಪ್ರತಿಗಳನ್ನು ಅಂಚೆಗೆ ಹಾಕಿದ್ದೇವೆ. ಹಣ ಬೇಡ.

— ಸಂ.