16 ಮೊಟ್ಟೆಗೆ 4 ಮರಿ ಯಾಕೆ?

16 ಮೊಟ್ಟೆಗೆ ಕಾವು ಕೂತ ಕೋಳಿ 4 ಮರಿ ಮಾಡಿ ಎದ್ದುಬಿಡ್ತು, ಉಳಿದವುಗಳಲ್ಲಿ ಅರ್ಧ ಬೆಳೆದ ಮರಿ ಸತ್ತಿದ್ದವು ಅಂದಿದ್ದೀರಿ. ಬೇರೆ ಕೋಳಿಗಳೂ ಆಮೇಲೆ ಅದೇ ಬುಟ್ಟಿಯೊಳಗೆ ಮೊಟ್ಟೆ ಇಟ್ಟಿರಬೇಕು. ಮೊದಲ ಮರಿ ಹೊರಬಿದ್ದ ಒಂದೆರಡು ದಿನಕ್ಕೆ ತಾಯಿ ಏಳ್ತದೆ, ತಡವಾಗಿ ಸೇರಿದವು ತಣ್ಣಗಾಗಿ ಸಾಯ್ತಾವೆ. ಜವಾರಿ ಕೋಳಿ ರೆಕ್ಕೆಯಡಿ 10-12 ಮೊಟ್ಟೆ ಸಾಕು.

ವಾರದೊಳಗಿನ ಮೊಟ್ಟೆ ಆರಿಸಿ, ತೊಳೀಬೇಡಿ. ಪೆನ್ಸಿಲ್ ಗುರುತು ಹಾಕಿ ಎಲ್ಲಾ ಒಂದೇ ರಾತ್ರಿ ಇಡಿ. ಗುರುತಿಲ್ಲದ್ದು ಕಂಡರೆ ಅವತ್ತೇ ತೆಗೀರಿ. 7ನೇ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದರೆ ಜೇಡರ ಬಲೆಯಂಥ ಕೆಂಪು ನರ, ನಡುವೆ ಕಪ್ಪು ಚುಕ್ಕೆ ಕಾಣಬೇಕು. ತಿಳಿಯಾಗಿದ್ದರೆ ಮರಿಯಿಲ್ಲ. 18ನೇ ದಿನದಿಂದ ಮುಟ್ಟಲೇಬೇಡಿ, 21ಕ್ಕೆ ಒಡೀತಾವೆ.

ಗದಗಿನ ಬ್ಯಾಸಿಗೆಯಲ್ಲಿ ಮಾತ್ರ ತಗಡಿನ ಕೆಳಗೆ ಬುಟ್ಟಿ ಬೇಡ. ಮರಿಗಳಿಗೆ ಜೋಳದ ನುಚ್ಚು ಕೊಡಿ, ನೀರಿನ ತಟ್ಟೆಯಲ್ಲಿ ಹರಳುಕಲ್ಲು ಹಾಕಿ, ಇಲ್ಲಾಂದ್ರೆ ಮುಳುಗ್ತಾವೆ.