ಗುಲ್ಮಾರ್ಗ್‌ನಲ್ಲಿ ಬೌಂಡರಿ ದಾಟಿ ಸ್ಕೀ ಮಾಡೋ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಉತ್ತರ

ಸರ್, ಫೆಬ್ರವರಿಲಿ ಎರಡಡಿ ಸ್ನೋ ಬಿದ್ದು ಮಾರನೇ ದಿನ ಒಳ್ಳೆ ಬಿಸಿಲು ಬಂದ್ರೆ ಗಂಡೋಲಾ (ರೋಪ್ ವೇ) ಫೇಸ್ 2ರಿಂದ ಸ್ಕೀ ಜಾಗದ ಬೌಂಡರಿ ದಾಟಿ ಇಳೀಬಹುದಾ, ಆಗ್ಲೇ ಯಾರೋ ಇಳಿದಿರೋ ಗುರುತು ಇದ್ರೆ ಸೇಫ್ ತಾನೆ ಅಂತ ಕೇಳಿದ್ದೀರಿ. ದಯವಿಟ್ಟು ಆ ದಿನ ಹೋಗ್ಬೇಡಿ. ಹೊಸ ಸ್ನೋ ಬಿದ್ದ ಮೊದಲ ಒಂದೆರಡು ದಿನದಲ್ಲೇ ಅವಲಾಂಚ್ (ಹಿಮಕುಸಿತ) ಜಾಸ್ತಿ, ಬಿಸಿಲು ನೋಡಿ ಎಲ್ರೂ ಹುಮ್ಮಸ್ಸಲ್ಲಿ ಹೊರಡೋದೂ ಆವಾಗ್ಲೇ. 2023ರ ಫೆಬ್ರವರಿ 1ಕ್ಕೆ ಗುಲ್ಮಾರ್ಗ್ ಬೆಟ್ಟ ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ರು ಸ್ಕೀಯರ್ಸ್ ತೀರಿಕೊಂಡ್ರು, 2024ರ ಫೆಬ್ರವರಿ 22ಕ್ಕೆ ರಷ್ಯಾದವರೊಬ್ರು. ನಾಲ್ಕು ಜನ ಇಳಿದ ಜಾಗದಲ್ಲೇ ಐದನೆಯವರ ಕಾಲಡಿ ಸ್ಲೋಪ್ ಒಡೀಬಹುದು, ಹಾಗಾಗಿ ಗುರುತು ನಂಬ್ಬೇಡಿ. ಬೌಂಡರಿ ಒಳಗೆ ಕಾವಲು ತಂಡ, ಅಂದ್ರೆ ಸ್ಕೀ ಪ್ಯಾಟ್ರೋಲ್‌ನವ್ರು ನೋಡ್ಕೋತಾರೆ, ಹೊರಗೆ ನೀವೇ.

ಮೇಲಿಂದ ಕಾಣದೇ ಇರೋದು ಕೆಳಗಿನ ಪದರ. ಚಳಿಗಾಲದ ಶುರುವಲ್ಲಿ ಸ್ನೋ ತೆಳ್ಳಗಿರುವಾಗ ನೆಲದ ಬಿಸಿಗೂ ರಾತ್ರಿಯ ಕೊರೆಯೋ ಚಳಿಗೂ ಮಧ್ಯೆ ಸಿಕ್ಕಿ ಅದು ದಪ್ಪ ಸಕ್ಕರೆ ಹರಳಿನ ಥರ ಆಗ್ಬಿಡುತ್ತೆ, ಮುಷ್ಟೀಲಿ ಒತ್ತಿದ್ರೂ ಉಂಡೆ ಕಟ್ಟಲ್ಲ, ಬೆರಳ ಸಂದೀಲಿ ಸೋರಿಹೋಗುತ್ತೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಲಗೆ ಕೂತಿದ್ರೆ ಒಬ್ಬರ ತೂಕ ಸಾಕು ಜಾರೋಕೆ. ಇದನ್ನ ಟೆಸ್ಟ್ ಮಾಡೋಕೆ ಸ್ನೋಲಿ ಗುಂಡಿ ತೋಡಿ 30 ಸೆಂಟಿಮೀಟರ್ ಚೌಕದ ಕಂಬ ಬಿಡಿಸ್ಕೊಂಡು, ಮೇಲೆ ಸಲಿಕೆ ಇಟ್ಟು ಮಣಿಕಟ್ಟಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು ತಟ್ತಾರೆ, ಮೊದಲ ಏಟುಗಳಲ್ಲೇ ಕಂಬ ನೀಟಾಗಿ ಜಾರಿ ಮುಂದೆ ಬಂದ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ. ಜಾರದೇ ಇದ್ರೆ ಇಡೀ ಬೆಟ್ಟ ಗಟ್ಟಿ ಅಂತಲ್ಲ, ಆ ಒಂದು ಗುಂಡಿ ಅಷ್ಟೇ. ಕಾಲಿಟ್ಟಾಗ ಒಳಗಿಂದ ‘ಧುಮ್’ ಅಂತ ಸದ್ದು ಬಂದ್ರೆ, ಸ್ಕೀ ಮುಂದೆ ಬಿರುಕು ಓಡಿದ್ರೆ ಟೆಸ್ಟೂ ಬೇಡ, ವಾಪಸ್ ಬನ್ನಿ.

ಇಳಿಜಾರು 30ರಿಂದ 45 ಡಿಗ್ರಿ ಇದ್ದಲ್ಲೇ ಹೆಚ್ಚು ಒಡೆಯೋದು, ಸ್ಕೀಯರ್ಸ್‌ಗೆ ಇಷ್ಟ ಆಗೋದೂ ಅದೇ. ಫೋನಲ್ಲಿ ಅಳೆದು ನೋಡಿ. ನೀವು ನಿಂತಿರೋದು 20 ಡಿಗ್ರಿ ಇರಬಹುದು, ಆದ್ರೆ ತಲೆ ಮೇಲಿರೋ ಸ್ಲೋಪ್ 38 ಇದ್ರೆ ನೀವು ಅದರ ದಾರೀಲೇ ಇದ್ದೀರಿ.

ಇನ್ನು ಬೀಕನ್ (ಹೂತವರನ್ನ ಹುಡುಕೋ ಸಿಗ್ನಲ್ ಸಾಧನ), ಪ್ರೋಬ್ (ಸ್ನೋ ಒಳಗೆ ಚುಚ್ಚಿ ಹುಡುಕೋ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರಲೇಬೇಕು, ನಾಲ್ಕು ಜನಕ್ಕೆ ಎರಡು ಸೆಟ್ ಅಂತ ಬರೆದಿದ್ದೀರಿ, ಅದು ನಡೆಯಲ್ಲ. ಹೂತುಹೋದವರನ್ನ ಮೊದಲ 10-15 ನಿಮಿಷದಲ್ಲಿ ತೆಗೆದ್ರೆ ಬದುಕೋ ಅವಕಾಶ ಜಾಸ್ತಿ, ಆಮೇಲೆ ಉಸಿರಿಲ್ಲದೆ ಅವಕಾಶ ಬೇಗ ಇಳಿದುಹೋಗುತ್ತೆ, ಅಷ್ಟರಲ್ಲಿ ಕೆಳಗಿಂದ ಯಾರೂ ಬಂದು ಮುಟ್ಟಲ್ಲ. ಫೋನ್ ಬೀಕನ್‌ನಿಂದ ದೂರ ಇಡಿ, ಹುಡುಕುವಾಗ ಕನಿಷ್ಠ 50 ಸೆಂಟಿಮೀಟರ್. ಒಂದು ಸಲಕ್ಕೆ ಒಬ್ರೇ ಇಳೀರಿ, ಮಿಕ್ಕವರು ಸೇಫ್ ಜಾಗದಿಂದ ಕಣ್ಣು ತೆಗೀದೆ ನೋಡ್ತಿರಿ.

ಆ ದಿನ ಸ್ಕೀ ಮಾಡ್ಲೇಬೇಕು ಅಂದ್ರೆ ಲೋಕಲ್ ಗೈಡ್ ಕರ್ಕೊಂಡು ಬಾಬಾ ರೇಶಿ ಕಡೆ ಮರಗಳ ಮಧ್ಯೆ ಕಡಿಮೆ ಇಳಿಜಾರಲ್ಲಿ ಇಳೀರಿ, ಹೊರಡೋ ಮುಂಚೆ ಪ್ಯಾಟ್ರೋಲ್‌ನವರ ರಿಪೋರ್ಟ್ ಓದಿ. ಅಪಾಯದ ಮಟ್ಟ ಐದರಲ್ಲಿ ಮೂರು ಅಂತಿದ್ರೆ ಪರವಾಗಿಲ್ಲ ಅಂದ್ಕೋಬೇಡಿ, ತುಂಬಾ ಸಾವು ಆಗಿರೋದು ಮೂರಿದ್ದ ದಿನಗಳಲ್ಲೇ.