ಕಣ್ಣು ರಸ್ತೆ ಮೇಲೆ, ಮನಸ್ಸು ಇನ್ನೆಲ್ಲೋ: ಕಾರಿನ ಕ್ಯಾಮೆರಾಗೆ ಗೊತ್ತಾಗುತ್ತಾ?

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ಸ್ಟೀರಿಂಗ್ ಹತ್ತಿರ ಒಂದು ಕ್ಯಾಮೆರಾ ಇದೆ. ಮೊಬೈಲ್ ಕಡೆ ನೋಡಿದರೆ ಬೀಪ್ ಅನ್ನುತ್ತದೆ. ರಸ್ತೆ ನೋಡುತ್ತಲೇ ಬೇರೇನೋ ಯೋಚಿಸುತ್ತಿದ್ದರೆ ಮಾತ್ರ ಸುಮ್ಮನಿರುತ್ತದೆ. ಇದು ನಿಜವಾಗಿ ಗಮನ ಅಳೆಯುತ್ತದಾ?

ಉತ್ತರ: ಇಲ್ಲ. ಕಣ್ಣು ಯಾವ ಕಡೆಗಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು.

ಕ್ಯಾಮೆರಾ ಪಕ್ಕದ ಎಲ್‌ಇಡಿಗಳು ಮುಖದ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಡುತ್ತವೆ. ಅದು ನಮಗೆ ಕಾಣುವುದಿಲ್ಲ, ಹಾಗಾಗಿ ರಾತ್ರಿಯೂ ತೊಂದರೆ ಇಲ್ಲ. ಆ ಬೆಳಕು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಸಣ್ಣ ಚುಕ್ಕೆಯಾಗಿ ಹೊಳೆಯುತ್ತದೆ, ಆ ಚುಕ್ಕೆಗೂ ಪಾಪೆಯ ನಡುಭಾಗಕ್ಕೂ ಇರುವ ಅಂತರ, ಜೊತೆಗೆ ತಲೆ ಎಷ್ಟು ತಿರುಗಿದೆ ಅನ್ನುವುದು, ಇವೆರಡರಿಂದ ನೋಟದ ದಿಕ್ಕು ಸಿಗುತ್ತದೆ. ಆಮೇಲೆ ಉಳಿಯುವುದು ಸಮಯದ ಲೆಕ್ಕ. ಯುರೋಪಿಯನ್ ಒಕ್ಕೂಟದ ನಿಯಮವನ್ನೇ ನೋಡಿ: ವೇಗ ಗಂಟೆಗೆ 50 ಕಿ.ಮೀ. ದಾಟಿದ್ದರೆ, ಕಣ್ಣು 3.5 ಸೆಕೆಂಡ್‌ಗಿಂತ ಜಾಸ್ತಿ ಹೊತ್ತು ಕೆಳಗೇ ಇದ್ದಾಗ ಎಚ್ಚರಿಕೆ ಬರಬೇಕು. ನನ್ನ ಪ್ರಕಾರ ಇದು ತೀರಾ ಉದಾರ. 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು ಸುಮಾರು 97 ಮೀಟರ್ ಹೋಗಿರುತ್ತದೆ! ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕಾರಿನ ಸ್ಕ್ರೀನ್‌ಗಳಿಗೆ ಕೊಟ್ಟ ಸಲಹೆಯಲ್ಲಿ ಒಂದು ನೋಟಕ್ಕೆ 2 ಸೆಕೆಂಡ್ ಅಂತಿತ್ತು. ಆದರೆ ಮಾತು ಮಾತಿಗೂ ಬೀಪ್ ಅಂದರೆ ಜನ ಅದನ್ನು ಆಫ್ ಮಾಡಿಬಿಡುತ್ತಾರೆ, ಅದೂ ನಿಜ ಅಲ್ವಾ.

ಇನ್ನು ನಿಮ್ಮ ಅನುಮಾನ. ಫೋನಿನಲ್ಲಿ ಹ್ಯಾಂಡ್ಸ್‌ಫ್ರೀ ಮಾತಾಡುವಾಗಲೋ ಯಾವುದೋ ಚಿಂತೆಯಲ್ಲಿದ್ದಾಗಲೋ ಚಾಲಕರ ನೋಟ ರಸ್ತೆಯ ನಡುವಿಗೇ ಅಂಟಿಕೊಳ್ಳುತ್ತದೆ, ಕನ್ನಡಿ ನೋಡುವುದು, ಅಕ್ಕಪಕ್ಕ ಕಣ್ಣಾಡಿಸುವುದು ಕಮ್ಮಿಯಾಗುತ್ತದೆ. ಅಂದರೆ ನೆಟ್ಟ ನೋಟವೇ ಒಂದು ಸುಳಿವು. ಬರೀ ಸೆಕೆಂಡ್ ಎಣಿಸುವ ವ್ಯವಸ್ಥೆ ಮಾತ್ರ ಅದನ್ನೇ ಒಳ್ಳೆಯ ಚಾಲನೆ ಅಂದುಕೊಳ್ಳುತ್ತದೆ. ನೋಟ ಎಷ್ಟು ಹರಡಿದೆ, ಕನ್ನಡಿಗೆ ಎಷ್ಟು ಸಲ ಹೋಗಿದೆ ಅಂತ ಲೆಕ್ಕ ಹಾಕಿದರೆ ಸ್ವಲ್ಪ ಊಹಿಸಬಹುದು. ಆದರೆ ಖಾಲಿ, ನೇರ ಹೆದ್ದಾರಿಯಲ್ಲಿ ಎಚ್ಚರವಾಗಿರುವವರೂ ಮುಂದೆಯೇ ನೋಡುತ್ತಾರೆ. ಎದುರಿಗಿದ್ದ ಬೈಕನ್ನು ನೋಡಿಯೂ ಗಮನಿಸದೆ ಗುದ್ದಿದವರಿದ್ದಾರೆ, ಅಂಥವರ ಕಣ್ಣು ಸರಿಯಾದ ಜಾಗದಲ್ಲೇ ಇತ್ತು ಅಂತ ಕ್ಯಾಮೆರಾ ಹೇಳೀತು.

ಪ್ರಶ್ನೆ: ಕೂಲಿಂಗ್ ಗ್ಲಾಸ್ ಹಾಕಿದರೆ?

ಉತ್ತರ: ಎಷ್ಟೋ ಕಪ್ಪು ಗ್ಲಾಸುಗಳು ಇನ್‌ಫ್ರಾರೆಡ್ ಬೆಳಕನ್ನು ಒಳಗೆ ಬಿಡುತ್ತವೆ, ಕ್ಯಾಮೆರಾಗೆ ಕಣ್ಣು ಕಾಣುತ್ತದೆ. ಆ ಬೆಳಕನ್ನು ತಡೆಯುವ ಲೆನ್ಸ್ ಆದರೆ ಕಷ್ಟ. ಆಗ ಎಷ್ಟೋ ವ್ಯವಸ್ಥೆಗಳು ತಲೆಯ ದಿಕ್ಕನ್ನೇ ನಂಬುತ್ತವೆ, ತಲೆ ಅಲುಗಿಸದೆ ಬರೀ ಕಣ್ಣು ಕೆಳಗಿಳಿಸಿ ಫೋನ್ ನೋಡಿದರೆ ಅವುಗಳಿಗೆ ಗೊತ್ತಾಗುವುದಿಲ್ಲ. ರೆಪ್ಪೆ ಕಾಣದಿದ್ದರೆ ತೂಕಡಿಕೆ ಹಿಡಿಯುವುದೂ ಕಷ್ಟ.